ಸಾಕಿದ ಬೆಕ್ಕನ್ನು ಗೋಣಿಚೀಲಕ್ಕೆ ತುಂಬಬೇಡಿ



ನಿಮ್ಮ ಮನೆಯ ಹಿತ್ತಲಿಗೋ ಶಾಲೆಯ ಬಿಸಿಯೂಟದ ಕೋಣೆಯ ಬಳಿಗೋ ಯಾರೂ ಸಾಕದ ಬೆಕ್ಕೊಂದು ಬರುತ್ತಿರಬಹುದು. ಮೊದಲ ದಿನ ನಿಮ್ಮನ್ನು ಕಂಡರೆ ಓಡುತ್ತದೆ. ನಾಲ್ಕು ದಿನ ಅನ್ನ ಹಾಕಿದರೆ ದೂರದಲ್ಲಿ ಕುಳಿತು ನೋಡುತ್ತದೆ. ಕೆಲವು ವಾರ ಕಳೆದರೆ ಕಾಲಿಗೆ ಮೈ ಉಜ್ಜುತ್ತದೆ. ಆಗ ನೀವು ಅದಕ್ಕೊಂದು ಹೆಸರಿಡುತ್ತೀರಿ.

ಅದು ಮರಿ ಹಾಕಿದಾಗ ಮನೆಯಲ್ಲಿ ಗೊಣಗಾಟ ಶುರುವಾಗುತ್ತದೆ. ಮರಿಗಳನ್ನು, ಕೆಲವೊಮ್ಮೆ ತಾಯಿಯನ್ನೂ ಗೋಣಿಚೀಲಕ್ಕೆ ತುಂಬಿ ಸಂತೆಮಾಳದಲ್ಲೋ ಹಳ್ಳದ ಆಚೆಗೋ ಬಿಟ್ಟು ಬರುವವರಿದ್ದಾರೆ. "ಬೆಕ್ಕಿಗೆ ಮನೆಯ ಮೇಲೆ ಪ್ರೀತಿ, ಮನುಷ್ಯರ ಮೇಲಲ್ಲ. ಎಲ್ಲಿ ಬಿಟ್ಟರೂ ಬದುಕಿಕೊಳ್ಳುತ್ತದೆ" ಎಂದು ಅವರು ಸಮಾಧಾನ ಹೇಳುತ್ತಾರೆ. ಈ ಮಾತು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಏಕೆಂದು ನೋಡೋಣ.

ಬೆಕ್ಕು ಮತ್ತು ಮನುಷ್ಯರ ಸ್ನೇಹ ನಿನ್ನೆ ಮೊನ್ನೆಯದಲ್ಲ. ಜನರು ಬೇಸಾಯ ಕಲಿತು ಧಾನ್ಯ ಕೂಡಿಡತೊಡಗಿದಾಗ ಇಲಿಗಳು ಬಂದವು. ಇಲಿಗಳನ್ನು ಹುಡುಕಿಕೊಂಡು ಕಾಡುಬೆಕ್ಕುಗಳು ಊರಿನ ಹತ್ತಿರ ಬಂದಿರಬೇಕು ಎಂದು ವಿಜ್ಞಾನಿಗಳು ಊಹಿಸುತ್ತಾರೆ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಸಮಾಧಿಯೊಂದು ಸಿಕ್ಕಿದೆ. ಅದರಲ್ಲಿ ಮನುಷ್ಯನ ಪಕ್ಕದಲ್ಲೇ ಒಂದು ಬೆಕ್ಕನ್ನೂ ಹೂಳಲಾಗಿತ್ತು. ಈ ಸಂಗತಿಯನ್ನು 2004ರಲ್ಲಿ ಸಂಶೋಧಕರು ಪ್ರಕಟಿಸಿದರು. ಆ ದ್ವೀಪದಲ್ಲಿ ಮೊದಲು ಬೆಕ್ಕುಗಳೇ ಇರಲಿಲ್ಲ. ಅಂದರೆ ಯಾರೋ ಅದನ್ನು ದೋಣಿಯಲ್ಲಿ ಕರೆತಂದಿದ್ದರು!

ಬೆಕ್ಕು ನಮ್ಮನ್ನು ಗುರುತಿಸುತ್ತದೆಯೇ? 2019ರಲ್ಲಿ ಜಪಾನಿನ ವಿಜ್ಞಾನಿಗಳು ಸಾಕುಬೆಕ್ಕುಗಳಿಗೆ ನಾಲ್ಕು ಬೇರೆ ಪದಗಳನ್ನು ಕೇಳಿಸಿ, ಕೊನೆಗೆ ಅವುಗಳ ಹೆಸರನ್ನು ಕೇಳಿಸಿದರು. ಹೆಸರು ಕೇಳಿದಾಗ ಅನೇಕ ಬೆಕ್ಕುಗಳು ಕಿವಿ ಅಥವಾ ತಲೆ ತಿರುಗಿಸಿದವು. ಅದೇ ವರ್ಷ ಅಮೆರಿಕದಲ್ಲಿ ಇನ್ನೊಂದು ಪರೀಕ್ಷೆ ಪ್ರಕಟವಾಯಿತು. ಹೊಸ ಕೋಣೆಯಲ್ಲಿ ಬೆಕ್ಕಿನ ಮರಿಯನ್ನು ಎರಡು ನಿಮಿಷ ಒಂಟಿಯಾಗಿ ಬಿಟ್ಟು, ಆಮೇಲೆ ಸಾಕಿದವರನ್ನು ಒಳಗೆ ಕಳಿಸಿದರು. ನೂರರಲ್ಲಿ ಸುಮಾರು 64 ಮರಿಗಳು ಅವರನ್ನು ಕಂಡೊಡನೆ ನೆಮ್ಮದಿಗೊಂಡು ಕೋಣೆಯನ್ನು ಸುತ್ತಿ ನೋಡತೊಡಗಿದವು. ತಾಯಿ ಹತ್ತಿರವಿದ್ದರೆ ಪುಟ್ಟ ಮಗು ಹೀಗೆಯೇ ಅಲ್ಲವೇ? ಬೆಕ್ಕಿಗೆ ಬೇಕಾದದ್ದು ಮನೆ ಮಾತ್ರವಲ್ಲ, ಮನೆಯವರೂ ಬೇಕು.

ಇನ್ನೊಂದು ಮುಖ್ಯ ಸಂಗತಿ ಇದೆ. ಮರಿ ಹುಟ್ಟಿದ ಎರಡನೆಯ ವಾರದಿಂದ ಏಳನೆಯ ವಾರದೊಳಗೆ ಮನುಷ್ಯರ ಒಡನಾಟ ಸಿಕ್ಕರೆ ಅದು ನಮ್ಮನ್ನು ಸುಲಭವಾಗಿ ನಂಬುತ್ತದೆ. ಸಿಗದಿದ್ದರೆ ದೊಡ್ಡದಾದ ಮೇಲೆ ಪಳಗುವುದು ಕಷ್ಟ. ಆದ್ದರಿಂದ ಬೀದಿಯ ದೊಡ್ಡ ಬೆಕ್ಕು ನಿಮ್ಮ ಹತ್ತಿರ ಬೇಗನೆ ಬಂದರೆ, ಹಿಂದೆ ಯಾರೋ ಅದನ್ನು ಸಾಕಿ ಕೈಬಿಟ್ಟಿರಬಹುದು. ಅದನ್ನು ಮತ್ತೊಮ್ಮೆ ಕೈಬಿಡುವುದು ನ್ಯಾಯವೇ?

ಚೀಲದಿಂದ ಹೊರಬಿದ್ದ ಬೆಕ್ಕಿಗೆ ಹೊಸ ಜಾಗದಲ್ಲಿ ನೀರೆಲ್ಲಿ, ಅಡಗುವ ಮೂಲೆಯೆಲ್ಲಿ ಎಂದು ತಿಳಿಯದು. ಅಲ್ಲಿನ ಬೆಕ್ಕುಗಳು ಅದನ್ನು ಅಟ್ಟುತ್ತವೆ. ಎಳೆಯ ಮರಿಗಳಿಗಂತೂ ಬೇಟೆಯೇ ಬಾರದು, ಹಸಿದು ಸಾಯುತ್ತವೆ. ಸಾಕುಪ್ರಾಣಿಯನ್ನು ಹೀಗೆ ಹಸಿವಿಗೆ ದೂಡಿ ಬಿಟ್ಟುಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೂ ಹೌದು.

ಹಾಗಾದರೆ ಮನೆತುಂಬ ಮರಿಗಳಾದರೆ ಏನು ಮಾಡಬೇಕು? ಹಿರಿಯರ ಕಷ್ಟವೂ ಸುಳ್ಳಲ್ಲ. ಹೆಣ್ಣು ಬೆಕ್ಕು ಆರು ತಿಂಗಳಿಗೇ ಗರ್ಭ ಧರಿಸಬಲ್ಲದು. ಸುಮಾರು ಒಂಬತ್ತು ವಾರಗಳಲ್ಲಿ ಮರಿ ಹಾಕುತ್ತದೆ. ವರ್ಷಕ್ಕೆ ಎರಡು ಮೂರು ಸಲ ಹಾಕುವುದೂ ಉಂಟು. ಇದಕ್ಕೆ ಪರಿಹಾರ ಗೋಣಿಚೀಲವಲ್ಲ, ಪಶುವೈದ್ಯರು. ಮರಿಯಾಗದಂತೆ ಅವರು ಶಸ್ತ್ರಚಿಕಿತ್ಸೆ ಮಾಡಬಲ್ಲರು. ರೇಬೀಸ್ ಲಸಿಕೆಯನ್ನೂ ಹಾಕಿಸಬೇಕು. ಈಗಾಗಲೇ ಇರುವ ಮರಿಗಳನ್ನು ಎಂಟು ವಾರ ತಾಯಿಯ ಜೊತೆ ಬಿಟ್ಟು, ಆಮೇಲೆ ಬೇಕೆನ್ನುವ ಮನೆಗಳಿಗೆ ಕೊಡಬಹುದು.

ನಿಮಗೂ ಕೆಲವು ಕಿವಿಮಾತು. ಹೊಸ ಬೆಕ್ಕನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯಬೇಡಿ, ಅದೇ ಬರಲಿ. ಮರಿ ಹಾಕಿದ ತಾಯಿಯ ಹತ್ತಿರ ಹೋಗಬೇಡಿ. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎನ್ನುವುದುಂಟು. ಅಪಾಯದ ಸುಳಿವು ಸಿಕ್ಕಾಗ ತಾಯಿ ಮರಿಗಳ ಜಾಗ ಬದಲಿಸುವುದನ್ನು ನೋಡಿಯೇ ಈ ಮಾತು ಹುಟ್ಟಿರಬೇಕು. ದೊಡ್ಡ ಬೆಕ್ಕುಗಳಲ್ಲಿ ಹಲವಕ್ಕೆ ಹಸುವಿನ ಹಾಲು ಜೀರ್ಣವಾಗದು, ನೀರಿಡಿ. ಯಾವುದೇ ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಮುಚ್ಚಿಡಬೇಡಿ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಕೂಡಲೇ ಹಿರಿಯರೊಂದಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ.

ಮನೆಯ ಬೆಕ್ಕಿನೊಡನೆ ಒಂದು ಚಟುವಟಿಕೆ ಮಾಡಿ ನೋಡಿ. ಸ್ವಲ್ಪ ದೂರ ಕುಳಿತು ಅದರತ್ತ ನೋಡುತ್ತಾ ನಿಧಾನವಾಗಿ ಕಣ್ಣು ಮುಚ್ಚಿ ತೆರೆಯಿರಿ. ಹೀಗೆ ಮಾಡಿದಾಗ ಬೆಕ್ಕೂ ಕಣ್ಣು ಕಿರಿದುಗೊಳಿಸುವುದು ಹೆಚ್ಚು ಎಂದು 2020ರಲ್ಲಿ ಇಂಗ್ಲೆಂಡಿನ ಸಂಶೋಧಕರು ತೋರಿಸಿದ್ದಾರೆ. ಒಂದು ವಾರ ಗಮನಿಸಿ, ನೋಟ್‌ಪುಸ್ತಕದಲ್ಲಿ ಬರೆದು ನಿಮ್ಮ ಶಿಕ್ಷಕರಿಗೆ ತೋರಿಸಿ.

ಬೆಕ್ಕಿಗೆ ಅನ್ನ ಹಾಕಿ ನಂಬಿಸಿದವರು ನಾವು. ಆ ನಂಬಿಕೆ ಉಳಿಸಿಕೊಳ್ಳುವ ಹೊಣೆಯೂ ನಮ್ಮದೇ. ಮನೆಯಲ್ಲಿ ಎಂದಾದರೂ ಬೆಕ್ಕಿಗಾಗಿ ಗೋಣಿಚೀಲ ಹೊರಗೆ ಬಂದರೆ, ಈ ಪುಟವನ್ನು ಹಿರಿಯರಿಗೆ ಗಟ್ಟಿಯಾಗಿ ಓದಿ ಹೇಳಿ.