ನೆನಪಿಲ್ಲದ ಎಚ್ಚರ

ಕಳೆದ ಚಳಿಗಾಲದಲ್ಲಿ ಭದ್ರಾ ಹಿನ್ನೀರಿನ ದಡದಲ್ಲಿ ನಡೆದ ಎರಡು ದಿನದ ‘ಮೈಂಡ್‌ಫುಲ್‌ನೆಸ್’ ಶಿಬಿರಕ್ಕೆ ಹೋಗಿದ್ದೆ. ಪಿಎಚ್.ಡಿ.ಯ ನಾಲ್ಕನೇ ವರ್ಷಕ್ಕೆ ನಿದ್ದೆಯೇ ಕೆಟ್ಟಿತ್ತು. ಹಾಗಾಗಿ ಅರ್ಧ ತಿಂಗಳ ಫೆಲೋಶಿಪ್ ಹೋದರೂ ಹೋಗಲಿ ಅಂದುಕೊಂಡೆ. ಮೊಬೈಲುಗಳನ್ನು ಬುಟ್ಟಿಗೆ ಹಾಕಿಸಿಕೊಂಡರು. ಬರಿಗಾಲಲ್ಲಿ ನಡೆಸಿದರು. ಮರ ತಬ್ಬಿಕೊಳ್ಳಲು ಹೇಳಿದರು. ಸಂಜೆ ಕಣ್ಣು ಮುಚ್ಚಿ ಕೂರಿಸಿ, ‘ಕಾಡಿನ ಮೌನ ಕೇಳಿಸಿಕೊಳ್ಳಿ, ಯಾವುದಕ್ಕೂ ಹೆಸರು ಕೊಡಬೇಡಿ’ ಎಂದರು.

ಅಷ್ಟರಲ್ಲಿ ಆಚೆ ಮರಗಳ ಮೇಲೆ ಮುಸಿಯಗಳು ಕೆಮ್ಮಿದಂತೆ ಕೂಗಿದವು. ನಮಗೆ ಅದೂ ಮೌನದ ಒಂದು ಭಾಗ. ಅಡುಗೆಮನೆಯಿಂದ ಹೊರಬಂದ ವಯಸ್ಸಾದ ಅಡುಗೆಯವರು ಮಾತ್ರ ಒಂದು ಗಳಿಗೆ ನಿಂತು ಕೇಳಿಸಿಕೊಂಡು, ‘ಚಿರತೆ ಇರಬೇಕು, ಎಲ್ಲಾ ಒಳಗೆ ಬನ್ನಿ’ ಎಂದರು. ಆ ಎರಡು ದಿನದಲ್ಲಿ ನಾನು ಕಂಡ ನಿಜವಾದ ಎಚ್ಚರ ಅದೊಂದೇ. ಆದರೆ ಅವರು ಯಾರು ಅಂತ ನಮಗೆ ಯಾರೂ ಹೇಳಿರಲಿಲ್ಲ. ರಾತ್ರಿ ಪಾತ್ರೆ ತೊಳೆಯುತ್ತಿದ್ದಾಗ ನಾನೇ ಹೋಗಿ ಕೇಳಿದೆ. ‘ಹುಟ್ಟಿದ್ದು ಈ ಕಾಡೊಳಗೇ ಕಣವ್ವಾ, ಈಗ ಎಂ.ಸಿ. ಹಳ್ಳಿ’ ಎಂದರು.

ನನ್ನೂರು ಅಮೃತಾಪುರ, ತರೀಕೆರೆ ತಾಲ್ಲೂಕು. ‘ಎಂ.ಸಿ. ಹಳ್ಳಿ’ ಎಂದರೆ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಭದ್ರಾ 1998ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು. 2000ದ ದಶಕದ ಆರಂಭದಲ್ಲಿ ಕಾಡೊಳಗಿನ ನಾನೂರಕ್ಕೂ ಹೆಚ್ಚು ಕುಟುಂಬಗಳು ಎಂ.ಸಿ. ಹಳ್ಳಿ, ಕೆಳಗೂರುಗಳಿಗೆ ಬಂದವು. ಅದಕ್ಕೂ ಮೊದಲೇ ಲಕ್ಕವಳ್ಳಿ ಅಣೆಕಟ್ಟಿನ ನೀರು ಊರುಗಳನ್ನು ನುಂಗಿತ್ತು. ನಾವು ಕಣ್ಣು ಮುಚ್ಚಿ ಕೂತದ್ದು ಆ ನೀರಿನ ಮುಂದೆಯೇ.

ಸ್ಥಳಾಂತರವೇ ತಪ್ಪು ಎಂಬುದು ನನ್ನ ವಾದವಲ್ಲ. ದೇಶದಲ್ಲಿ ಚೆನ್ನಾಗಿ ನಡೆದ ಕೆಲವೇ ಸ್ಥಳಾಂತರಗಳಲ್ಲಿ ಇದನ್ನೂ ಎಣಿಸುತ್ತಾರೆ. ರಸ್ತೆ, ಕರೆಂಟು, ಆಸ್ಪತ್ರೆ ಬೇಕೆಂದು, ಆನೆಗಳಿಗೆ ಬೆಳೆ ಕೊಟ್ಟು ಸಾಕಾಗಿ, ಒಪ್ಪಿಯೇ ಹೊರಬಂದವರಿದ್ದಾರೆ. ಕಾಡಿನ ಬದುಕು ಸುಖದ ಬದುಕು ಎಂದು ಅವರ ಮುಂದೆ ಹೇಳುವ ಧೈರ್ಯ ನನಗಿಲ್ಲ. ನನ್ನ ತಕರಾರು ಆ ಶಿಬಿರದ ಪಾಠದ ಮೇಲೆ.

‘ಮೈಂಡ್‌ಫುಲ್‌ನೆಸ್’ ಅನ್ನುವುದು ಪಾಲಿಯ ‘ಸತಿ’ಗೆ ಕೊಟ್ಟ ಇಂಗ್ಲಿಷ್ ಹೆಸರು. ‘ಸತಿ’ ಸಂಸ್ಕೃತದಲ್ಲಿ ‘ಸ್ಮೃತಿ’, ಅಂದರೆ ನೆನಪು. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಟ್-ಜಿನ್ ಇದನ್ನು ರೋಗಿಗಳ ಒತ್ತಡ ಇಳಿಸುವ ವಿಧಾನವಾಗಿ ರೂಪಿಸಿದರು. ಅದರಿಂದ ಅನೇಕರಿಗೆ ಉಪಕಾರವಾಗಿದೆ. ಆದರೆ ಅಲ್ಲಿಂದ ರೆಸಾರ್ಟಿಗೆ ಬರುವಷ್ಟರಲ್ಲಿ ನೆನಪು ದಾರಿಯಲ್ಲೇ ಬಿದ್ದುಹೋಗಿದೆ. ಸತಿಪಟ್ಠಾನ ಸುತ್ತ ಭಿಕ್ಷುವಿಗೆ ಕಾಡು, ಮರದ ಬುಡ, ಖಾಲಿ ಮನೆ, ಮೂರನ್ನೂ ಸಮವಾಗಿ ಸೂಚಿಸುತ್ತದೆ. ಬರೀ ಉಸಿರು ಗಮನಿಸುವುದಕ್ಕಾದರೆ ಖಾಲಿ ಮನೆಯೇ ಸಾಕು. ಕಾಡಿಗೇ ಬಂದಿದ್ದೇವೆ ಅಂದಮೇಲೆ ಕಾಡನ್ನು ಗಮನಿಸಬೇಕು. ಹೆಸರಿಲ್ಲದೆ, ನೆನಪಿಲ್ಲದೆ ಅದು ಹೇಗಾಗುತ್ತದೆ?

ನಮ್ಮೂರಿನ ಅಮೃತೇಶ್ವರ ದೇವಸ್ಥಾನ 1196ರದ್ದು. ಅದರ ಮಂಟಪದ ಹೊರಗೋಡೆಯ ಸುತ್ತ ರಾಮಾಯಣ, ಭಾಗವತ, ಮಹಾಭಾರತದ 140 ಫಲಕಗಳಿವೆ. ದಕ್ಷಿಣದ ಗೋಡೆಯ ರಾಮಾಯಣ ಪ್ರದಕ್ಷಿಣೆಗೆ ಎದುರು ದಿಕ್ಕಿನಲ್ಲಿ ಸಾಗುತ್ತದೆ. ಕಥೆ ನೆನಪಿರುವವರು ತಿರುಗಿ ನಡೆದು ಓದುತ್ತಾರೆ, ಇಲ್ಲದವರು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಕಾಡಿನಲ್ಲೂ ಹಾಗೆಯೇ. ಮುಸಿಯದ ಕೂಗಿನ ಅರ್ಥ ತಿಳಿಯಲು ಮುಸಿಯ ಗೊತ್ತಿರಬೇಕು. ಮೂಡಿಗೆರೆಯಲ್ಲಿ ನೆಲೆಸಿದ ತೇಜಸ್ವಿಯವರು ಕಾಡಿನಿಂದ ನಮಗೆ ತಂದುಕೊಟ್ಟದ್ದು ಶಾಂತಿಯನ್ನಲ್ಲ, ಹಕ್ಕಿ, ಮೀನು, ಹುಳುಗಳ ಹೆಸರುಗಳನ್ನು. ಜೊತೆಗೆ ತಡೆಯಲಾರದ ಕುತೂಹಲವನ್ನು.

ನಮ್ಮಪ್ಪ ರಾತ್ರಿ ತೋಟಕ್ಕೆ ನೀರು ಕಟ್ಟಲು ಹೋದರೆ ಕತ್ತಲಲ್ಲಿ ಸುಮ್ಮನೆ ಕೂತಿರುತ್ತಾರೆ. ನೀರಿನ ಸದ್ದು ಸ್ವಲ್ಪ ಬದಲಾದರೂ ಎಲ್ಲೋ ಬದು ಒಡೆದಿದೆ ಎಂದು ಎದ್ದು ಹೋಗುತ್ತಾರೆ. ಅವರು ಅದನ್ನು ಧ್ಯಾನ ಅನ್ನುವುದಿಲ್ಲ. ಒಡೆದ ಬದು ಕಟ್ಟುವ ಹೊಣೆ ಅವರದು, ಅದಕ್ಕೇ ಕಿವಿ ಅಷ್ಟು ಚುರುಕು. ಹೊಣೆಯಿಲ್ಲದ ಗಮನ ಎರಡು ದಿನಕ್ಕೆ ಸಾಕು, ಮೂರನೇ ದಿನಕ್ಕೆ ಬರುವುದಿಲ್ಲ.

‘ದಣಿದವರು ಎರಡು ದಿನ ಉಸಿರಾಡಿದರೆ ನಿನಗೇನು ನಷ್ಟ?’ ಎಂದು ಗೆಳತಿ ಕೇಳಿದಳು. ನ್ಯಾಯವಾದ ಪ್ರಶ್ನೆ. ಅಲ್ಲಿ ನಾನೂ ಎರಡು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ, ಸುಳ್ಳು ಹೇಳುವುದಿಲ್ಲ. ನಷ್ಟ ನನ್ನದಲ್ಲ. ಕಾಡಿನಲ್ಲಿ ಬದುಕಿ ಕಾಡನ್ನು ಅರಿತವರು ಅದೇ ಕಾಡಿನ ಅಂಚಿನಲ್ಲಿ ದಿನಗೂಲಿಗೆ ಅನ್ನ ಬೇಯಿಸುತ್ತಾರೆ; ಅದನ್ನು ಅರಿಯದವರು ‘ಅರಿವು’ ಕಲಿಸಿ ಫೀಸು ಪಡೆಯುತ್ತಾರೆ. ಇದನ್ನು ಗಮನಿಸದ ಶಿಬಿರ ಇನ್ನೇನನ್ನು ಗಮನಿಸಲು ಕಲಿಸೀತು?

ಶಿಬಿರ ಮುಚ್ಚಿ ಅನ್ನುತ್ತಿಲ್ಲ. ಮೊದಲ ದಿನವೇ ಆ ಹಿರಿಯರನ್ನು ಅಡುಗೆಮನೆಯಿಂದ ಕರೆದು ಮುಂದೆ ಕೂರಿಸಿ. ಮುಳುಗಿದ ಊರುಗಳ, ಬಿಟ್ಟುಬಂದ ಊರುಗಳ ಹೆಸರು ಅವರ ಬಾಯಲ್ಲಿ ಹೇಳಿಸಿ. ಯಾವ ಕೂಗು ಯಾವುದರದ್ದು ಎಂದು ಅವರಿಂದ ಕಲಿಸಿ, ಕಲಿಸಿದ್ದಕ್ಕೆ ಗುರುವಿಗೆ ಕೊಡುವ ಸಂಭಾವನೆಯನ್ನೇ ಅವರಿಗೆ ಕೊಡಿ. ಆಮೇಲೆ ಬೇಕಾದರೆ ಎಲ್ಲರೂ ಕಣ್ಣು ಮುಚ್ಚಿ ಕೂರೋಣ.