ಎರಡನೆಯ ಕೇಂದ್ರವಿದ್ದರಷ್ಟೇ ಸಾಲದು

2021ರ ಫೆಬ್ರವರಿ 24ರಂದು ಬೆಳಿಗ್ಗೆ 11.40ಕ್ಕೆ ಮುಂಬಯಿಯ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ ವಹಿವಾಟು ಸ್ಥಗಿತಗೊಂಡಿತು. ಮತ್ತೆ ಆರಂಭವಾದದ್ದು ಮಧ್ಯಾಹ್ನ 3.45ಕ್ಕೆ. ಅದರ ಎರಡು ಗಣಕ ಕೇಂದ್ರಗಳನ್ನು ಇಬ್ಬರು ಬೇರೆ ಬೇರೆ ಸೇವಾದಾರರ ದೂರಸಂಪರ್ಕ ಜಾಲಗಳು ಬೆಸೆದಿದ್ದವು. ರಸ್ತೆ ಅಗೆತದಿಂದ ಎರಡೂ ಕೈಕೊಟ್ಟವು. ಬೆನ್ನಲ್ಲೇ ದತ್ತಾಂಶ ಭಂಡಾರವು ಸರ್ವರ್‌ಗಳಿಗೆ ಎಟುಕದಾಯಿತು, ನಷ್ಟಭಯ ನಿಯಂತ್ರಣ ವ್ಯವಸ್ಥೆ ನಿಂತಿತು. ದೂರದ ಪರ್ಯಾಯ ಕೇಂದ್ರವಿದ್ದರೂ ವಹಿವಾಟನ್ನು ಅಲ್ಲಿಗೆ ವರ್ಗಾಯಿಸಲಿಲ್ಲ.

ಸರ್ವರ್‌ಗಳನ್ನು ಎಲ್ಲಿ, ಹೇಗೆ ಇರಿಸಬೇಕೆಂಬುದು ಕೇವಲ ತಂತ್ರಜ್ಞರ ಪ್ರಶ್ನೆಯಲ್ಲ. ನಮ್ಮ ಪಿಂಚಣಿ, ಮಕ್ಕಳ ಶುಲ್ಕ, ಆಸ್ಪತ್ರೆಯ ಬಿಲ್ಲು ಎಲ್ಲವೂ ಅದನ್ನೇ ಅವಲಂಬಿಸಿವೆ. ಇಲ್ಲಿ ವೇಗಕ್ಕೂ ಭದ್ರತೆಗೂ ಜಗ್ಗಾಟವಿದೆ. ಪ್ರತಿಯೊಂದು ನಮೂದೂ ಎರಡೂ ಕಡೆ ದಾಖಲಾದ ಮೇಲೆಯೇ ವ್ಯವಹಾರ ಮುಗಿಯಿತೆಂದರೆ ಲೆಕ್ಕ ಕಳೆದುಹೋಗದು. ಆದರೆ ಗಾಜಿನೆಳೆಯಲ್ಲಿ ಬೆಳಕು ಒಂದು ಮಿಲಿಸೆಕೆಂಡಿನಲ್ಲಿ ಸಾಗುವುದು ಸುಮಾರು 200 ಕಿ.ಮೀ. ಮಾತ್ರ. ಸಾವಿರ ಕಿ.ಮೀ. ದೂರಕ್ಕೆ ಹೋಗಿ ಬರಲು 10 ಮಿಲಿಸೆಕೆಂಡು ಬೇಕು. ಸೆಕೆಂಡಿಗೆ ಸಾವಿರಾರು ವ್ಯವಹಾರಗಳಿರುವಲ್ಲಿ ಇದು ಅಲ್ಪವಲ್ಲ. ಆದುದರಿಂದ ಹತ್ತಿರದ ಕೇಂದ್ರಕ್ಕೆ ತತ್‌ಕ್ಷಣವೂ ದೂರದ ಕೇಂದ್ರಕ್ಕೆ ತುಸು ತಡವಾಗಿಯೂ ಪ್ರತಿ ಕಳುಹಿಸುವುದು ರೂಢಿ. ಹತ್ತಿರದ್ದು ಅದೇ ನೆರೆ, ಅದೇ ರಸ್ತೆಗಳಿಗೆ ಸಿಲುಕಬಹುದು. ದೂರದ್ದಕ್ಕೆ ಕೊನೆಯ ಕೆಲವು ನಮೂದುಗಳು ತಲುಪದಿರಬಹುದು. ವರ್ಗಾವಣೆಗೆ ಅಧಿಕಾರಿಗಳು ಹಿಂಜರಿಯಲು ಈ ಆತಂಕವೂ ಒಂದು ಕಾರಣ.

ಈ ಹಿಂಜರಿಕೆಗೆ ಸೆಬಿ 2021ರ ಮಾರ್ಚ್‌ನಲ್ಲಿ ಗಡಿ ಹಾಕಿತು: ಪ್ರಮುಖ ವ್ಯವಸ್ಥೆ ಕೆಟ್ಟ 30 ನಿಮಿಷಗಳಲ್ಲಿ ವಿಪತ್ತೆಂದು ಘೋಷಿಸಬೇಕು, ಅನಂತರದ 45 ನಿಮಿಷಗಳಲ್ಲಿ ಕಾರ್ಯ ಪುನರಾರಂಭವಾಗಬೇಕು. ಇದಕ್ಕೂ ಮೊದಲು, 2020ರ ನವೆಂಬರ್ 21ರಂದು ಮುಖ್ಯ ದತ್ತಾಂಶ ಕೇಂದ್ರದ ವಿದ್ಯುತ್ ವೈಫಲ್ಯದಿಂದ ಎಚ್‌ಡಿಎಫ್‌ಸಿ ಬ್ಯಾಂಕಿನ ಸೇವೆಗಳು ನಿಂತಾಗ, ಹೊಸ ಡಿಜಿಟಲ್ ಯೋಜನೆಗಳಿಗೂ ಹೊಸ ಕ್ರೆಡಿಟ್ ಕಾರ್ಡುಗಳಿಗೂ ರಿಸರ್ವ್ ಬ್ಯಾಂಕ್ ತಡೆಯೊಡ್ಡಿತ್ತು. ಅದು ಸಂಪೂರ್ಣ ತೆರವಾದದ್ದು 2022ರ ಮಾರ್ಚ್‌ನಲ್ಲಿ.

ಬ್ಯಾಂಕಿನವರಾದ ನಮಗೆ ಇದರ ತತ್ತ್ವ ಹೊಸದಲ್ಲ. ತಿಜೋರಿಯ ಎರಡನೆಯ ಕೀಲಿಕೈಗಳನ್ನು ಬೇರೊಂದು ಶಾಖೆಯಲ್ಲಿಡುವುದೂ, ಕಾಲಕಾಲಕ್ಕೆ ಅವನ್ನು ತರಿಸಿ ಅದಲುಬದಲು ಮಾಡಿ ಬಳಸುವುದೂ ಹಳೆಯ ಪದ್ಧತಿ. ಬಳಸದ ಕೀಲಿ ಬೀಗ ತೆರೆದೀತೆಂಬ ಭರವಸೆಯಿಲ್ಲ. 2024ರ ಮಾರ್ಚ್ 2ರ ಶನಿವಾರ ಷೇರುಪೇಟೆಯು ವಿಶೇಷ ಕಲಾಪ ನಡೆಸಿ, ಪರ್ಯಾಯ ಕೇಂದ್ರದಿಂದಲೇ ನೈಜ ವಹಿವಾಟು ಮಾಡಿ ತೋರಿಸಿದ್ದು ಸರಿಯಾದ ಹೆಜ್ಜೆ.

ಎಲ್ಲ ಬ್ಯಾಂಕುಗಳೂ ಇಂತಹ ಅಭ್ಯಾಸದ ಫಲಿತಾಂಶವನ್ನು ಗ್ರಾಹಕರ ಮುಂದಿಡಬೇಕು. ಅಲ್ಲಿಯವರೆಗೆ ಗೃಹಸ್ಥರಾದ ನಾವು ತುರ್ತಿನ ಹಣವನ್ನೆಲ್ಲ ಒಂದೇ ಬ್ಯಾಂಕಿನಲ್ಲಿರಿಸದಿರುವುದು ಲೇಸು.