ಎದೆನೋವು: ಕಷಾಯಕ್ಕೂ ಮೊದಲು ಇಸಿಜಿ

ಎದೆ ಹಿಡಿದಂತಾದಾಗ ಸದ್ಭಕ್ತರಲ್ಲಿ ಹಲವರು ‘ವಾಯು ಇರಬೇಕು’ ಎಂದು ಸೋಡಾ ಕುಡಿದು, ಅಜವಾನ ಅಗಿದು ಬೆಳಗಿನವರೆಗೆ ಕಾಯುತ್ತಾರೆ. ಕೆಲವರು ನೇರವಾಗಿ ನಮ್ಮಂಥ ಆಯುರ್ವೇದ ವೈದ್ಯರಲ್ಲಿಗೆ ಬರುತ್ತಾರೆ. ಇವೆರಡೂ ಸಲ್ಲದೆಂಬುದು ನಮ್ಮ ದೃಢವಾದ ಅಭಿಪ್ರಾಯ. ಅದಕ್ಕೆ ಕಾರಣ ಹೃದಯದ ಸ್ನಾಯುಕೋಶಗಳ ಒಳಗೇ ಇದೆ.

ಆರೋಗ್ಯವಂತ ಹೃದಯವು ತನ್ನ ಶಕ್ತಿಯ ಬಹುಪಾಲನ್ನು, ಸುಮಾರು ಶೇ. 60ರಿಂದ 70ರಷ್ಟನ್ನು, ಕೊಬ್ಬನ್ನು ಉರಿಸಿ ಪಡೆಯುತ್ತದೆ. ಅದಕ್ಕೆ ಆಮ್ಲಜನಕ ಬೇಕೇ ಬೇಕು. ರಕ್ತನಾಳ ಮುಚ್ಚಿ ಆಮ್ಲಜನಕ ನಿಂತೊಡನೆ ಕೋಶಗಳು ಕೊಬ್ಬನ್ನು ಬಿಟ್ಟು, ಆಮ್ಲಜನಕವಿಲ್ಲದೆಯೂ ಒಡೆಯಬಲ್ಲ ಸಕ್ಕರೆಯನ್ನು ಆಶ್ರಯಿಸುತ್ತವೆ. ತುಂಗಭದ್ರಾ ಎಡದಂಡೆ ನಾಲೆಯ ನೀರು ನಿಂತಾಗ ಜವಳಗೇರಾ ಸೀಮೆಯ ರೈತರು ಹಳ್ಳಕ್ಕೆ ಪಂಪು ಹಚ್ಚಿ ಭತ್ತವನ್ನು ಉಳಿಸಿಕೊಳ್ಳಲು ಹೆಣಗುವಂತೆಯೇ ಇದು. ಆದರೆ ಹಳ್ಳದ ನೀರು ಎಷ್ಟು ದಿನ ಬಂದೀತು? ಸಕ್ಕರೆಯಿಂದ ಹೀಗೆ ದೊರೆಯುವ ಶಕ್ತಿ ಅತ್ಯಲ್ಪ. ಮೇಲಾಗಿ ಆಮ್ಲ ಕೂಡಿಕೊಂಡು ಕೋಶಕ್ಕೇ ಕೇಡು ಮಾಡುತ್ತದೆ. ಸುಮಾರು 20 ನಿಮಿಷಗಳ ನಂತರ ಕೋಶಗಳು ಸಾಯತೊಡಗುತ್ತವೆ. ಗಂಟೆಗಳು ಕಳೆದಂತೆ ಹಾನಿ ಹಬ್ಬುತ್ತದೆ. ಸತ್ತ ಹೃದಯಸ್ನಾಯು ಮತ್ತೆ ಬೆಳೆಯುವುದಿಲ್ಲ.

ಹತೋಟಿಯಿಲ್ಲದ ರಕ್ತದೊತ್ತಡ ವರ್ಷಗಟ್ಟಲೆ ಒತ್ತಿದಾಗಲೂ ಹೃದಯವು, ತಾಯಿಯ ಗರ್ಭದಲ್ಲಿದ್ದಾಗಿನಂತೆ, ಕೊಬ್ಬಿಗಿಂತ ಸಕ್ಕರೆಯತ್ತ ವಾಲುತ್ತದೆ. ಕ್ರಮೇಣ ಶಕ್ತಿ ಸಾಲದೆ ಸೋಲುತ್ತದೆ. ಇಲ್ಲಿ ಮಿತಾಹಾರ, ನಡಿಗೆ, ನಿದ್ರೆ, ತಪ್ಪದೆ ನುಂಗುವ ಮಾತ್ರೆಗಳಿಗೆ ಸ್ಥಾನವಿದೆ. ವೈದ್ಯರ ಸಲಹೆಯಂತೆ ಅರ್ಜುನ ತೊಗಟೆಯ ಕಷಾಯಕ್ಕೂ ಸ್ಥಾನವಿದೆ. ಆದರೆ ಮುಚ್ಚಿದ ನಾಳವನ್ನು ಆ ಗಳಿಗೆಯಲ್ಲಿ ತೆರೆಯುವ ಕಷಾಯ ನಮ್ಮಲ್ಲಿಲ್ಲ. ಹೀಗೆ ಹೇಳಿದರೆ ಆಯುರ್ವೇದದ ಗೌರವ ಕುಂದದು. ಹೃದಯವನ್ನು ಸದ್ಯಃಪ್ರಾಣಹರ ಮರ್ಮಗಳಲ್ಲಿ ಎಣಿಸಿ, ಅಲ್ಲಿ ಪೆಟ್ಟಾದರೆ ಪ್ರಾಣ ಬೇಗನೆ ಹೋಗುವುದೆಂದು ಎಚ್ಚರಿಸಿದವನು ಸುಶ್ರುತನೇ.

2023ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಉದ್ದೇಶವೂ ಸಮಯ ಉಳಿಸುವುದೇ. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ಪರಿಶೀಲಿಸುತ್ತಾರೆ. ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡಲಾಗುತ್ತದೆ.

ಆದ್ದರಿಂದ ಎದೆಯಲ್ಲಿ ಬಿಗಿತ, ಎಡತೋಳಿಗೋ ದವಡೆಗೋ ಹರಿಯುವ ನೋವು, ತಣ್ಣನೆಯ ಬೆವರು, ಉಬ್ಬಸ ಕಂಡರೆ ಕೂಡಲೇ 108ಕ್ಕೆ ಕರೆ ಮಾಡಿರಿ. ಮಧುಮೇಹಿಗಳಲ್ಲಿ, ತಾಯಂದಿರಲ್ಲಿ ನೋವಿಲ್ಲದೆಯೂ ಹೃದಯಾಘಾತವಾಗಬಹುದು. ಬರಿಯ ಬೆವರು, ಸುಸ್ತುಗಳನ್ನೂ ಕಡೆಗಣಿಸಬೇಡಿರಿ. ಇಸಿಜಿ ಸರಿಯಿದೆಯೆಂದು ಆಸ್ಪತ್ರೆಯ ವೈದ್ಯರು ಹೇಳಿ ಕಳುಹಿಸಿದ ಮೇಲೆ ವಾಯುವಿನ ಚಿಕಿತ್ಸೆಗೆ ನಮ್ಮಲ್ಲಿಗೆ ಧಾರಾಳವಾಗಿ ಬನ್ನಿರಿ.